ವಾಪಸ್ ಬರುವ ಕಾರಣ

ಆಸ್ಪತ್ರೆಯ ವರ್ಕ್‌ಶಾಪ್‌ನಲ್ಲಿ ಕೃತಕ ಕಾಲು ತಯಾರಿಸುತ್ತಿದ್ದ ಅವಳಿಗೆ ರೋಗಿಗಳು ಇಟ್ಟ ಹೆಸರು ‘ಕಾಲು ಮೇಡಂ’. ಅಲ್ಲಿಯೇ ಆಂಬ್ಯುಲೆನ್ಸ್ ಓಡಿಸುತ್ತಿದ್ದವನನ್ನು ಎಲ್ಲರೂ ಡ್ರೈವರ್ ಅಂತಲೇ ಕರೆಯುತ್ತಿದ್ದರು. ಅವತ್ತು ಅವನ ಸ್ಕೂಟರಿನಲ್ಲಿ ಅವಳು ವೀಸಾ ಇಂಟರ್‌ವ್ಯೂಗೆ ಹೊರಟಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ.

ಕನ್ನಡಿಯಲ್ಲಿ ಆಗಾಗ ಅವನ ಕಣ್ಣು ಸಿಗುತ್ತಿತ್ತು, ಸಿಕ್ಕ ಕೂಡಲೇ ರಸ್ತೆಗೆ ಜಾರುತ್ತಿತ್ತು. ಅವಳೂ ಅಂಗಡಿ ಬೋರ್ಡು ಓದುವವಳ ಹಾಗೆ ಮುಖ ತಿರುಗಿಸುತ್ತಿದ್ದಳು.

ಜಗಳ ಆಗಿದ್ದು ಹಿಂದಿನ ವಾರ. ಬೆರಳು ಮಡಚುವ ಕೃತಕ ಕೈ ಮಾಡುವುದನ್ನು ಕಲಿಯಲು ಅವಳಿಗೆ ಹೊರದೇಶದಲ್ಲಿ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಿತ್ತು. ಆದರೆ ಮೊದಲ ಸಲ ವೀಸಾ ಸಿಗಲಿಲ್ಲ. ಇಲ್ಲಿ ನಿಮಗೆ ಯಾರಿದ್ದಾರೆ ಅಂತ ಅಧಿಕಾರಿ ಕೇಳಿದ್ದು ಅಪ್ಪ ಅಮ್ಮನ ವಿಷಯ ಅಂದುಕೊಂಡು, ಯಾರೂ ಇಲ್ಲ ಅಂದುಬಿಟ್ಟಿದ್ದಳು. ಹಾಗಾದರೆ ಓದು ಮುಗಿದ ಮೇಲೆ ವಾಪಸ್ ಹೋಗುವ ನಂಬಿಕೆ ಇಲ್ಲ ಅಂತ ತಿರಸ್ಕರಿಸಿದ್ದರು. ಅವಳನ್ನು ಸಾಕಿದ ಚಿಕ್ಕಮ್ಮ, ನಾನೇನು ಗೋಡೆಗೆ ಹೊಡೆದ ಮೊಳೆಯಾ ಅಂತ ಮುನಿಸಿಕೊಂಡಿದ್ದಳು.

ವಿಸಿಟರ್ ವೀಸಾದಲ್ಲಿ ಹೋಗಿ ಈ ಕೋರ್ಸ್ ಓದುವ ಹಾಗಿಲ್ಲ. ವರ್ಕ್ ವೀಸಾಕ್ಕೆ ಅಲ್ಲಿ ಯಾರಾದರೂ ಮೊದಲು ಕೆಲಸ ಕೊಡಬೇಕು. ಉಳಿದದ್ದು ಸ್ಟೂಡೆಂಟ್ ವೀಸಾ ಒಂದೇ, ಅದಕ್ಕೇ ಇನ್ನೊಂದು ಸಲ ಅರ್ಜಿ ಹಾಕಿ ಅಂದಿದ್ದ ವೀಸಾ ಏಜೆಂಟ್. ಈ ಸಲವೂ ತಪ್ಪಿದರೆ ಸೀಟು ಹೋದ ಹಾಗೆ. ಇದನ್ನು ಹೇಳಿಕೊಂಡಾಗ ಡ್ರೈವರ್, “ಅವರ ಅನುಮಾನದಲ್ಲಿ ತಪ್ಪೇನಿದೆ? ಹೋದವರು ಯಾರು ವಾಪಸ್ ಬರ್ತಾರೆ?” ಅಂದಿದ್ದ. ಅವಳು ಎದ್ದು ಹೋಗಿದ್ದಳು. ಆದರೂ ಅವತ್ತು ಬೆಳಿಗ್ಗೆ ಅವನು ರಜೆ ಹಾಕಿ, ಎರಡು ಹೆಲ್ಮೆಟ್ ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

ವೀಸಾ ಕಚೇರಿಯ ಒಳಗೆ ಗಾಜಿನಾಚೆ ಕೂತಿದ್ದ ಮಹಿಳಾ ಅಧಿಕಾರಿ ಕೋರ್ಸಿನ ಬಗ್ಗೆ ಕೇಳಿದರು. ಕೆಲಸದ ಬಗ್ಗೆ, ಚಿಕ್ಕಮ್ಮನ ಬಗ್ಗೆ ಕೇಳಿದರು.

“ಅಲ್ಲೇ ಒಳ್ಳೆ ಕೆಲಸ ಸಿಕ್ಕರೆ? ವಾಪಸ್ ಯಾಕೆ ಬರ್ತೀರಿ?”

ಏಜೆಂಟ್ ಹೇಳಿಕೊಟ್ಟ ಉತ್ತರ ಬಾಯಿಗೆ ಬರಲೇ ಇಲ್ಲ. “ಕೈ ಕಳೆದುಕೊಂಡವರು ನಮ್ಮ ವರ್ಕ್‌ಶಾಪ್‌ಗೂ ಬರ್ತಾರೆ ಮೇಡಂ. ಸುಮ್ಮನೆ ವಾಪಸ್ ಕಳಿಸ್ತಿದ್ದೀವಿ. ಮತ್ತೆ...” ಅವಳು ಬಾಗಿಲಿನ ಕಡೆ ನೋಡಿದಳು. “ಹೊರಗೆ ಒಬ್ಬರು ಕಾಯ್ತಿದ್ದಾರೆ.”

“ನಿಶ್ಚಿತಾರ್ಥ ಆಗಿದೆಯಾ?”

“ಇಲ್ಲ. ಅವರಿಗೆ ಇನ್ನೂ ಹೇಳಿಲ್ಲ.”

“ಅವರು ಒಂದು ವರ್ಷ ಕಾಯ್ತಾರೆ ಅಂತ ಏನು ಗ್ಯಾರಂಟಿ?”

“ಅದು ಗೊತ್ತಿಲ್ಲ. ನಾನು ಬರ್ತೀನಿ ಅನ್ನೋದು ಗೊತ್ತು.”

ಅಧಿಕಾರಿ ಮುಖದಲ್ಲಿ ಏನೂ ತೋರಿಸದೆ ಟೈಪ್ ಮಾಡಿದರು. ಬಹಳ ಹೊತ್ತು ಮಾಡಿದರು. ಆಮೇಲೆ ಪಾಸ್‌ಪೋರ್ಟನ್ನು ಪಕ್ಕಕ್ಕಿಟ್ಟುಕೊಂಡು, ವೀಸಾ ಹಚ್ಚಿ ಕಳಿಸುತ್ತೇವೆ ಅಂದರು.

ಹೊರಗೆ ಬಂದಾಗ ಅವನು ಸ್ಕೂಟರಿಗೆ ಒರಗಿ ನಿಂತಿದ್ದ. ಅವಳ ಬರಿಗೈ ನೋಡಿ ಅವನ ಮುಖ ಬಾಡಿತು. ಪಾಸ್‌ಪೋರ್ಟ್ ಇಟ್ಟುಕೊಂಡರೆ ವೀಸಾ ಸಿಕ್ಕಿತು ಅಂತ ಅರ್ಥ ಎಂದು ಅವಳೇ ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೂ ಅವನ ಮುಖ ಅರಳಲಿಲ್ಲ.

“ಏನು ಕೇಳಿದರು?”

“ಯಾಕೆ ವಾಪಸ್ ಬರ್ತೀರಿ ಅಂತ.” ಅವಳು ಹೆಲ್ಮೆಟ್ಟಿನ ಪಟ್ಟಿ ತಿರುಚುತ್ತ ನಿಂತಳು. “ನಿಮ್ಮ ವಿಷಯ ಹೇಳಿಬಿಟ್ಟೆ.”

ಅವನು ಬೀಗದ ಕೈ ಹಾಕಲು ಹೋಗಿ, ತೂತು ಸಿಗದೆ, ಕೈ ಹಿಂದೆ ತೆಗೆದ. ಸೈರನ್ ಹಾಕಿಕೊಂಡು ಊರೆಲ್ಲ ನುಗ್ಗುವವನು ಅವಳ ಕಣ್ಣು ತಪ್ಪಿಸಲು ದಾರಿ ಕಾಣದೆ ನಿಂತ. ಆಮೇಲೆ ನೇರವಾಗಿ ನೋಡಿದ.

“ಹೋದವರು ಬರಲ್ಲ ಅಂದಿದ್ದು ಹೊಟ್ಟೆಯುರಿಯಿಂದಲ್ಲ. ಭಯ.”

“ಗೊತ್ತಾಗಲಿಲ್ಲ. ಬಾಯಿಬಿಟ್ಟು ಹೇಳಬೇಕಿತ್ತು.”

“ರಜೆ ಹಾಕಿ ನೋಡೋಕೆ ಬಂದರೆ ನನಗೆ ವಿಸಿಟರ್ ವೀಸಾ ಕೊಡ್ತಾರಾ?”

“ಕೊಡಬಹುದು. ಆದರೆ ವಾಪಸ್ ಬರೋ ಕಾರಣ ನಿಮ್ಮನ್ನೂ ಕೇಳ್ತಾರೆ.”

ಅವನು ನಿಜಕ್ಕೂ ಯೋಚನೆಗೆ ಬಿದ್ದ. “ಏನು ಹೇಳಲಿ? ನನ್ನ ಕಾರಣ ಅಲ್ಲೇ ಇರುತ್ತಲ್ಲ.”

ಅವಳಿಗೆ ನಗು, ಅಳು ಒಟ್ಟಿಗೇ ಬಂತು. ಮೊದಲ ಸಲ ಏಕವಚನದಲ್ಲಿ ಹೇಳಿದಳು.

“ಹಾಗಿದ್ರೆ ನೀನು ಬರಬೇಡ. ಇಲ್ಲೇ ಇರು, ನಾನೇ ಬರ್ತೀನಿ.”