ಮುಳ್ಳು ಓಡದ ಗೆರೆಗಳು

ಫೋಟೋಗ್ರಾಫರ್ ತನ್ನ ಸ್ಟುಡಿಯೋದ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗಕ್ಕೆ ಏಟು. ಪಕ್ಕದಲ್ಲಿ ಕ್ಯಾಮೆರಾದ ಕಬ್ಬಿಣದ ಸ್ಟ್ಯಾಂಡು. ಕಪಾಟಿನ ಮೇಲೆ ಬ್ಲೂಟೂತ್ ಸ್ಪೀಕರು. ಮೇಜಿನ ಮೇಲೆ ರೆಕಾರ್ಡು ಇನ್ನೂ ತಿರುಗುತ್ತಿತ್ತು. ಹಾಡು ಮುಗಿದಿತ್ತು. ಮುಳ್ಳು ಒಳಗಿನ ಕೊನೆಯ ಸುತ್ತಿನಲ್ಲಿ ಕರಕರ ಎನ್ನುತ್ತಿತ್ತು.

ಇನ್ಸ್‌ಪೆಕ್ಟರ್ ಅದನ್ನು ನಿಲ್ಲಿಸಿದಳು. ಗೋಡೆಯ ತುಂಬ ಸತ್ತವನಿಗೆ ಹೆಸರು ತಂದ ಚಿತ್ರಗಳು. ರೆಕಾರ್ಡಿನ ಗೆರೆಗಳು ಉತ್ತ ಹೊಲದಂತೆ, ಮುಳ್ಳಿನ ಮೊನೆ ಬೆಟ್ಟದಷ್ಟು ದೊಡ್ಡದಾಗಿ. ಇವುಗಳ ಪುಸ್ತಕ ಆಗಷ್ಟೇ ಅಚ್ಚಾಗಿ ಬಂದಿತ್ತು.

ಹೆಣವನ್ನು ಮೊದಲು ಕಂಡವನು ಹಳೆಯ ರೆಕಾರ್ಡುಗಳ ವ್ಯಾಪಾರಿ. ಬಾಗಿಲಲ್ಲೇ ಕುಸಿದು ಕೂತಿದ್ದ.

"ಮೆಟ್ಟಿಲು ಹತ್ತುವಾಗ ಹಾಡು ನಿಂತಿತು ಮೇಡಂ. ಬಾಗಿಲು ತೆಗೆದ್ರೆ ಹೀಗೆ."

"ನಿನ್ನೆ ಇವರ ಜೊತೆ ಜಗಳ ಆಡಿದ್ರಂತೆ?"

"ನಾನು ಕೊಟ್ಟ ರೆಕಾರ್ಡನ್ನ ಗೀಚಿ ಹಾಳು ಮಾಡಿದ್ರು. ಬಾಯಿಗೆ ಬಂದಹಾಗೆ ಅಂದೆ, ನಿಜ. ಅಷ್ಟಕ್ಕೆ ಜೀವ ತೆಗೀತಾರಾ?"

ಕೆಳಗಿನ ಅಂಗಡಿಯ ಟೈಲರಮ್ಮನ ಮಾತು ಅವನಿಗೆ ಮುಳುವಾಯಿತು. ಸತ್ತವನ ತಮ್ಮ ಮೇಲಿಂದ ಇಳಿದು ಬಂದು ಅವಳ ಅಂಗಡಿಯಲ್ಲಿ ಕೂತಿದ್ದನಂತೆ. ಆಮೇಲೆ ಮೇಲೆ ಹಾಡು ಶುರುವಾಯಿತಂತೆ.

"ಅಣ್ಣ ಹಾಡು ಹಾಕಿದ, ಇನ್ನು ಊಟಕ್ಕೂ ಏಳಲ್ಲ ಅಂತ ಅವರ ತಮ್ಮ ನಕ್ಕರು. ಅದಾದ್ಮೇಲೆ ಮೇಲೆ ಹೋಗಿದ್ದು ಈ ರೆಕಾರ್ಡಿನವರೊಬ್ಬರೇ."

ವ್ಯಾಪಾರಿಯನ್ನು ಠಾಣೆಗೆ ಕರೆದೊಯ್ದರು.

\*\*\*

ಪೊಲೀಸ್ ಫೋಟೋಗ್ರಾಫರ್ ಸತ್ತವನ ಲೆನ್ಸಿನಲ್ಲೇ ಆ ರೆಕಾರ್ಡನ್ನು ಸೆರೆಹಿಡಿದಿದ್ದ. ಇನ್ಸ್‌ಪೆಕ್ಟರ್ ಪರದೆಯ ಮೇಲೆ ಒಂದೊಂದನ್ನೇ ನೋಡಿದಳು.

"ಈ ಹುಲ್ಲುಕಡ್ಡಿ ಥರದ್ದೇನು?"

"ಬಟ್ಟೆಯ ನೂಲೆಳೆ ಮೇಡಂ, ಒರೆಸಿದಾಗ ಅಂಟಿದ್ದು. ಬರಿಗಣ್ಣಿಗೆ ಕಾಣಲ್ಲ."

ಅಂಚಿನಿಂದ ಒಳಗಿನವರೆಗೆ ಎಳೆಗಳು ಗೆರೆಗಳಿಗೆ ಅಡ್ಡಡ್ಡ ಬಿದ್ದಿದ್ದವು. ಕೊನೆಯ ಸುತ್ತು ಮಾತ್ರ ಸ್ವಚ್ಛ. ಮುಳ್ಳಿನ ಮೊನೆಯಲ್ಲೂ ಕಸವಿಲ್ಲ. ಪಕ್ಕದ ಕೋಣೆಯಲ್ಲಿ ವ್ಯಾಪಾರಿ ಅಳುತ್ತಿದ್ದುದು ಇಲ್ಲಿಗೂ ಕೇಳುತ್ತಿತ್ತು.

\*\*\*

ಇನ್ಸ್‌ಪೆಕ್ಟರ್ ತಮ್ಮನನ್ನೂ, ಸತ್ತವನ ಹೆಂಡತಿಯಾದ ಅವನ ಅತ್ತಿಗೆಯನ್ನೂ ಕರೆಸಿ, ಆ ಚಿತ್ರವನ್ನು ಅವನ ಮುಂದಿಟ್ಟಳು.

"ಬೆಳಕು ಇನ್ನೂ ಓರೆಯಾಗಿ ಬೀಳಬೇಕಿತ್ತು," ಎಂದ ಅವನು, ತನಗರಿವಿಲ್ಲದೆ. "ಆಗ ಗೆರೆಯ ಆಳ ಸಿಗುತ್ತೆ."

"ಆ ಎಳೆಗಳನ್ನ ನೋಡಿ. ಮುಳ್ಳು ಓಡಿದ್ರೆ ಅವು ಪಕ್ಕಕ್ಕೆ ಸರೀಬೇಕು, ಇಲ್ಲಾ ಮೊನೆಗೆ ಮೆತ್ತಿಕೋಬೇಕು. ಇವತ್ತು ಈ ರೆಕಾರ್ಡು ಹಾಡಿಯೇ ಇಲ್ಲ. ಮುಳ್ಳನ್ನ ನೇರವಾಗಿ ಕೊನೆಯ ಸುತ್ತಿನಲ್ಲಿ ಇಟ್ಟಿದಾರೆ."

ಅವನು ಚಿತ್ರವನ್ನು ಪಕ್ಕಕ್ಕೆ ಸರಿಸಿದ.

"ಹಾಡು ಬಂದಿದ್ದು ಕಪಾಟಿನ ಮೇಲಿನ ಸ್ಪೀಕರಿನಿಂದ. ಅದಕ್ಕೆ ಕೊನೆಗೆ ಜೋಡಣೆಯಾಗಿದ್ದು ನಿಮ್ಮ ಮೊಬೈಲು. ಟೈಲರಮ್ಮನ ಎದುರಿಗೆ ಕೂತೇ ಹಾಡು ಹಾಕಿದಿರಿ, ಅಣ್ಣ ಇನ್ನೂ ಬದುಕಿದಾರೆ ಅಂತ ಎಲ್ಲರೂ ನಂಬಲಿ ಅಂತ. ಅಷ್ಟು ಹೊತ್ತಿಗೆ ಅವರು ಹೋಗಿಬಿಟ್ಟಿದ್ರು. ವ್ಯಾಪಾರಿ ಬರೋದೂ ನಿಮಗೆ ಗೊತ್ತಿತ್ತು."

"ಯಾಕೋ?" ಅತ್ತಿಗೆ ಅವನತ್ತ ತಿರುಗಿದಳು.

"ಪುಸ್ತಕದ ಚಿತ್ರಗಳನ್ನೆಲ್ಲ ತೆಗೆದಿದ್ದು ನಾನು ಅತ್ತಿಗೆ. ಒಳಗೆಲ್ಲೂ ನನ್ನ ಹೆಸರಿಲ್ಲ. ಕೇಳಿದ್ದಕ್ಕೆ, ನೀನು ಬರೀ ಬಟನ್ ಒತ್ತಿದ್ದು ಅಂದ. ಕೈಗೆ ಸ್ಟ್ಯಾಂಡು ಸಿಕ್ಕಿತು."

ಅತ್ತಿಗೆ ಅವನ ಕೈಗಳನ್ನೇ ನೋಡಿದಳು.

"ನನಗೆ ಗೊತ್ತಿತ್ತು ಕಣೋ," ಎಂದಳು. "ಪುಸ್ತಕ ಬಂದಾಗ ನಾನೂ ಸುಮ್ಮನಿದ್ದೆ."

ಇನ್ಸ್‌ಪೆಕ್ಟರ್ ಎದ್ದು ಪಕ್ಕದ ಕೋಣೆಯ ಬಾಗಿಲು ತೆಗೆದಳು. ಮನೆಗೆ ಹೋಗಬಹುದು, ತಪ್ಪಾಯಿತು ಎಂದಳು. ವ್ಯಾಪಾರಿ ಚಪ್ಪಲಿ ಮೆಟ್ಟಿ, ಆಕೆಯ ಮುಖ ನೋಡದೆ ಹೊರಟುಹೋದ.