ಒಲೆಯ ಮೇಲಿನ ಕೆಂಪು ಬಾಣ

"ರೀ... ನಿಮ್ಮ ಬುತ್ತಿ ಡಬ್ಬಿ ಬಸ್ಸಿನ್ಯಾಗ ಬಿಟ್ಟು ಇಳದೀರಲ್ಲ!"

ನಾಗಸಂದ್ರದ ನಿಲ್ದಾಣದಲ್ಲಿ ಸವಿತಾ ತಿರುಗಿ ನೋಡಿದಳು. ನಿಂತು ಬಂದಿದ್ದ ಅವಳ ಚೀಲವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದವನೇ, ಈಗ ಡಬ್ಬಿ ಹಿಡಿದು ಏದುಸಿರು ಬಿಡುತ್ತಿದ್ದ. ಬೆಂಗಳೂರಿನಲ್ಲಿ ತನ್ನ ಊರ ಕಡೆಯ ಮಾತು!

"ತಲಿ ಎಲ್ಲಿ ಇಟ್ಟಿರ್ತೀರಿ?" ಎಂದು ನಕ್ಕ. ಆ ನಗುವಿಗೇ ಅವಳು ಸೋತಳು.

ಅವನನ್ನು, ರೇವಣಸಿದ್ದನನ್ನು, ಮದುವೆಯಾಗಿ ಎರಡು ವರ್ಷ. ಈಗ ಅದೇ ಮಾತು, ನಗುವಿಲ್ಲದೆ, ದಿನವೂ.

"ಗ್ಯಾಸ್ ಮತ್ತ ಆರಿಸಿಲ್ಲ." "ಕೀಲಿ ಎಲ್ಲಿ ಒಗದಿ?" "ನಿನ್ನ ತಲಿ ಕೆಟ್ಟೈತಿ ಅಂತ ನಿಮ್ಮವ್ವಗೂ ಗೊತ್ತು. ಫೋನ್ ಮಾಡಬ್ಯಾಡ ಅಂದಾಳ."

ಆಮೇಲೆ ತಲೆ ಸವರುತ್ತಿದ್ದ. "ನಾ ಅದೀನಲ್ಲ... ಬ್ಯಾರೆ ಯಾರು ನೋಡ್ಕೋತಾರ ನಿನ್ನ?"

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಸವಿತಾ ಚೆಕ್ಕಿಂಗ್ ಕೆಲಸದವಳು. ಹೊಲಿಗೆ ತಪ್ಪಿದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಅವಳ ಕಣ್ಣು ತಪ್ಪಿಸಿ ಒಂದು ಅಂಗಿಯೂ ಹೋಗುತ್ತಿರಲಿಲ್ಲ. ಅಂಥವಳು ಮನೆಯಲ್ಲಿ ತನ್ನ ಕೈಯನ್ನೇ ನಂಬದಂತಾಗಿದ್ದಳು.

"ಸೋಮವಾರ ಕೆಲಸ ಬಿಡ್ತೀನಂತ ಬರದು ಕೊಡು," ಎಂದ ಅವನು. "ಮನಿಗೆ ಬೆಂಕಿ ಬೀಳೋದ್ರಾಗ."

ಭಾನುವಾರ ಬೆಳಿಗ್ಗೆ ಅವಳು ಒಲೆ ಆರಿಸಿ, ಒಂದು ಕೆಂಪು ಬಾಣವನ್ನು ಅರ್ಧ ತಿರುಗಣಿಯ ಮೇಲೆ, ಅರ್ಧ ಒಲೆಯ ಮೇಲೆ ಅಂಟಿಸಿದಳು. ಯಾರಾದರೂ ತಿರುಗಿಸಿದರೆ ಬಾಣ ಹರಿಯಬೇಕು. ಸ್ನಾನಕ್ಕೆ ಹೋದಳು.

"ಸವಿತಾ! ಬಾ ಇಲ್ಲಿ!"

ಗ್ಯಾಸಿನ ವಾಸನೆ. ಒಲೆ ಬುಸುಗುಟ್ಟುತ್ತಲೇ ಇತ್ತು. ಆರಿಸದೆ, ಅವಳು ನೋಡಲೆಂದೇ ಕಾದು ನಿಂತಿದ್ದ!

"ನೀವೇನರ ಮುಟ್ಟಿದ್ರೇನ್ರಿ?"

"ನಾನಾ? ಹತ್ರಾನೂ ಬಂದಿಲ್ಲ. ಈಗ ನನ್ನ ಮ್ಯಾಲ ಹಾಕಾಕತ್ತಿಯೇನು?"

ಅಂಟಿಸಿದ್ದು ಕನಸೇ...? ಅವನ ಕೈ ತಲೆ ಸವರಲು ಬಂತು. ಅಂಗಿಯ ತೋಳಿನ ತುದಿಯಲ್ಲಿ ಬಾಣದ ಮೊನೆ ಅಂಟಿತ್ತು. ಬಾಲ ಒಲೆಯ ಮೇಲೇ ಉಳಿದಿತ್ತು.

ಸವಿತಾ ಒಲೆ ಆರಿಸಿದಳು. ಮೆಟ್ಟಿಲಿಳಿಯುವಾಗ ಬಸ್ಸಿನ ಆ ದಿನ ನೆನಪಾಯಿತು. ಅವತ್ತು ಡಬ್ಬಿ ಚೀಲದೊಳಗೇ ಇತ್ತಲ್ಲ... ಚೀಲ ಇದ್ದದ್ದು ಅವನ ತೊಡೆಯ ಮೇಲೆ!

ಕೆಳಗಿನ ಮನೆಯ ಓನರಮ್ಮ ಚಿಕ್ಕಮುನಿಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಬರಿಗೈಯಲ್ಲಿ ಬಂದಿದ್ದ ಸವಿತಾ ಫೋನ್ ಕೇಳಿದಳು. "ಯಾಕವ್ವಾ ಇಂಗೆ ಓಡ್ಬಂದೆ? ಫೋನಾ? ತಗೋ. ಒಳೀಕ್ ಓಗಿ ಮಾತಾಡು. ಅವ್ನು ಬಂದ್ರೆ ನಾನಿಲ್ವಾ?" ಎಂದು ಬಾಗಿಲಿಗೆ ಅಡ್ಡವಾಗಿ ಮಣೆ ಎಳೆದುಕೊಂಡರು.

ಊರಿನಲ್ಲಿ ತಾಯಿ ದುರ್ಗವ್ವ ಮೊದಲ ಗಂಟೆಗೇ ಎತ್ತಿದಳು.

"ಅವ್ವಾ... ನಾ ಫೋನ್ ಮಾಡಬಾರದು ಅಂದಿಯಂತ?"

"ನಾನಾ?! ನಿನಗ ನನ್ನ ಮಾತು ಬ್ಯಾಸರ ಅಂದನಲ್ಲ ನಿನ್ನ ಗಂಡ! ಆರು ತಿಂಗಳಾತು ಕೂಸ, ಈ ಫೋನ್ ತಲಿದಿಂಬಿನ ಬಾಜೂಕ ಇಟ್ಕೊಂಡು ಮಲಗಾಕತ್ತೀನಿ."

ಸವಿತಾ ಗೋಡೆಗೆ ಒರಗಿ ಅತ್ತಳು.

"ಅವ್ವಾ, ನಾ ಏನೂ ಮರತಿಲ್ಲ."

"ಗೊತ್ತೈತವ್ವಾ. ಊರಿಗೆ ಬಂದುಬಿಡು."

"ಇಲ್ಲ, ನೀನ ಬಾ. ನಾಳೆ ನನಗ ಡ್ಯೂಟಿ ಐತಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಬಂದೆ ತಡಿ. ಬುತ್ತಿ ಕಟ್ಕೊಂಡು ಬರ್ತೀನಿ."