ಹೆಜ್ಜಾರ್ಲೆಗಳ ತವರು

ಒಂದಾನೊಂದು ಕಾಲದಲ್ಲಿ ತಿಂತ್ರಿಣೀಪುರ ಎಂಬ ರಾಜ್ಯವಿತ್ತು. ಅರಮನೆಯ ಸುತ್ತಲಿನ ಹುಣಸೆ ತೋಪಿಗೆ ವರ್ಷವರ್ಷವೂ ಹೆಜ್ಜಾರ್ಲೆ ಹಕ್ಕಿಗಳು ಮರಿ ಮಾಡಲು ಬರುತ್ತಿದ್ದವು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಜನ ಅವನ್ನು ಕಾಣುತ್ತಿದ್ದರು. ಹಿಕ್ಕೆಯ ನಾತಕ್ಕೆ ಮೂಗು ಮುಚ್ಚಿಕೊಂಡರೂ ಯಾರೂ ಕಲ್ಲೆತ್ತುತ್ತಿರಲಿಲ್ಲ.

ಕರಿಗಣ್ಣನೆಂಬ ಮಾಂತ್ರಿಕನ ಬಳಿ ಸಂಶಯದ ಹಕ್ಕಿಗಳಿದ್ದವು. ಬೇರೆ ಹಕ್ಕಿ ಬಿಟ್ಟುಹೋದ ಗೂಡಿನಲ್ಲಿ ಮಾತ್ರ ಅವು ಮರಿ ಮಾಡುತ್ತಿದ್ದವು. ಹೆಜ್ಜಾರ್ಲೆಗಳನ್ನು ಓಡಿಸುವ ಉಪಾಯ ಅವನಿಗೆ ಗೊತ್ತಿತ್ತು. ರಾಜ ವಿಜಯಕೇತುವಿನ ಕಿವಿ ಊದಿದ. ಬಸುರಿ ಮಗಳು ಸಂಪಿಗೆದೇವಿ ಹೆರಿಗೆಗೆ ಬರುತ್ತಿದ್ದಾಳೆ, ಹುಟ್ಟುವ ಕೂಸು ನಿನ್ನ ಸಿಂಹಾಸನ ಕಸಿಯುತ್ತದೆ ಎಂದ. ಹಿತ್ತಾಳೆ ಕಿವಿಯ ರಾಜ ನಂಬಿದ.

ಮಗಳು ಮೂಡಣ ಬಾಗಿಲು ತಟ್ಟಿದಳು. ರಾಜರು ಸ್ನಾನದಲ್ಲಿದ್ದಾರೆ ಎಂದರು ಕಾವಲಿನವರು. ಬಡಗಣ ಬಾಗಿಲು ತಟ್ಟಿದಳು. ಪೂಜೆಯಲ್ಲಿದ್ದಾರೆ ಎಂದರು. ಪಡುವಣ ಬಾಗಿಲು ತಟ್ಟಿದಾಗ ಒಳಗಿನಿಂದ ರಾಜನೇ ಹೇಳಿದ:

"ಇದು ನಿನ್ನ ಮನೆಯಲ್ಲಮ್ಮ, ಹೋಗು."

ಅಂಥ ಅಪ್ಪನ ಬಾಯಿಗೆ ಮಣ್ಣು ಬೀಳಲಿ. ನೋವು ಶುರುವಾಗಿದ್ದ ಹುಡುಗಿ ಕೆರೆಯ ದಾರಿ ಹಿಡಿದಳು. ಮಗಳನ್ನು ಅಟ್ಟಿದ ಊರಲ್ಲಿ ನಮಗೆಂಥ ಬಾಣಂತನ ಎಂದು ಹೆಜ್ಜಾರ್ಲೆಗಳೂ ಎದ್ದುಹೋದವು.

ಖಾಲಿ ಗೂಡುಗಳಲ್ಲಿ ಸಂಶಯದ ಹಕ್ಕಿಗಳು ಮೊಟ್ಟೆಯಿಟ್ಟವು. ಕಪ್ಪು ಮರಿಗಳು ಊರವರ ಹೆಗಲೇರಿ ಪಿಸುಗುಟ್ಟಿದವು. ಗಂಡ ಹೆಂಡತಿಯ ಕೈ ಅನ್ನ ಉಣ್ಣಲಿಲ್ಲ, ಅಣ್ಣ ತಮ್ಮನ ಪಕ್ಕ ಮಲಗಲಿಲ್ಲ. ರಾಜ ಬಾಣ ಬಿಡಿಸಿದ. ಒಂದು ಸತ್ತರೆ ಹತ್ತು ಹುಟ್ಟಿದವು. ಹೊಗೆ ಹಾಕಿಸಿದ, ಊರು ಕೆಮ್ಮಿತು, ಹಕ್ಕಿಗಳು ಕೊಬ್ಬಿದವು. ಕೊನೆಗೆ, ಮರಗಳನ್ನೇ ಕಡಿಸಿಬಿಡಲೇ ಎಂದು ತೋಪು ಕಾಯುವ ನಿಂಗಜ್ಜಿಯನ್ನು ಕೇಳಿದ.

"ಮರದ್ದೇನು ತಪ್ಪು, ಸ್ವಾಮಿ? ಇವು ಮೊದಲು ಮರಿ ಮಾಡಿದ್ದು ನಿಮ್ಮ ಎದೆಯೊಳಗೆ," ಎಂದಳು ಅಜ್ಜಿ. "ಮಗಳನ್ನ ಕರ್ಕೊಂಡು ಬನ್ನಿ."

ರಾಜ ಚಿನ್ನದ ತೊಟ್ಟಿಲು ಕಟ್ಟಿಸಿದ. ಕೆರೆಯಾಚೆ ಬೆಸ್ತರ ಗುಡಿಸಲಿನಲ್ಲಿದ್ದ ಮಗಳನ್ನು ಬರಿಗಾಲಲ್ಲಿ ಹೋಗಿ ಕರೆದ. ಊರಿನ ಗತಿ ಕೇಳಿ ಅವಳು ಒಬ್ಬಳೇ ಬಂದಳು. ಕೂಸು ಬೆಸ್ತರ ಬಳಿ ಇರಬೇಕೆಂದುಕೊಂಡ ರಾಜ. ಅವಳು ಹೊಸ್ತಿಲು ದಾಟಿದ್ದೇ ಕಪ್ಪು ಹಕ್ಕಿಗಳು ಬೂದಿಯಾಗಿ ಉದುರಿದವು. ಕರಿಗಣ್ಣನೂ ಬೂದಿಯಾದ. ಹೆಜ್ಜಾರ್ಲೆಗಳು ಮರಳಿ ಬಂದವು.

ರಾಜ ತೊಟ್ಟಿಲು ತೋರಿಸಿ, ಕೂಸೆಲ್ಲಿ ಎಂದು ಕೇಳಿದ.

"ಅವತ್ತು ದಾರೀಲೇ ಹುಟ್ಟಿದ, ದಾರೀಲೇ ಹೋದ," ಎಂದಳು ಸಂಪಿಗೆದೇವಿ. "ಇನ್ನು ನಿಮ್ಮ ಸಿಂಹಾಸನಕ್ಕೆ ಭಯವಿಲ್ಲ, ಅಪ್ಪಾಜಿ."

ಕೊಟ್ಟ ನೀರನ್ನೂ ಮುಟ್ಟದೆ ಗುಡಿಸಲಿಗೆ ಹೊರಟುಹೋದಳು.

ಆಮೇಲೆ ಊರವರೆಲ್ಲ ಸುಖವಾಗಿದ್ದರು, ಹಕ್ಕಿಗಳೂ ಸುಖವಾಗಿದ್ದವು. ರಾಜ ಮಾತ್ರ ಸಾಯುವ ತನಕ ಸಿಂಹಾಸನದ ಪಕ್ಕದಲ್ಲಿ ಖಾಲಿ ತೊಟ್ಟಿಲು ತೂಗುತ್ತ ಕೂತಿದ್ದ.